ಒಂದೇ ಒಂದು ಷೇರು

ಬೂದಿ ಬುಧವಾರದ ಸಂಜೆ ಜಡ್ಜ್ ಕ್ಲೋವಿಸ್ ಗಿಡ್ರಿ, ಪಾದ್ರಿ ಹಣೆಗೆ ಹಚ್ಚಿದ್ದ ಬೂದಿಯನ್ನೂ ಒರೆಸಿಕೊಳ್ಳದೆ ಊಟಕ್ಕೆ ಕೂತ. ಮೊಟ್ಟೆ ಹಾಕಿದ ಸೀಗಡಿ ಸಾರನ್ನು ಅನ್ನದ ಮೇಲೆ ಸುರಿದುಕೊಂಡ. ಒಂದು ತುತ್ತು ನುಂಗಿ, ನಾಳೆ ಮೋಡವಿರುತ್ತದೆ ಎನ್ನುವವನ ಹಾಗೆ ಹೇಳಿದ.

"ಜೂನಿಗೆ ಕುರ್ಚಿ ಬಿಡೋದಿಲ್ಲ ನಾನು."

ಅವನ ಹೆಂಡತಿ ಅಝೆಲಿಯ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ನಡುಮನೆಯಲ್ಲಿ ಆಗಲೇ ಅವಳು ಕಟ್ಟಿಟ್ಟ ಪೆಟ್ಟಿಗೆಗಳಿದ್ದವು. ಜೂನಿನಲ್ಲಿ ಅವನು ಅರ್ಧ ಕೆಲಸಕ್ಕೆ ಇಳಿಯುವುದು, ಇಬ್ಬರೂ ಲಾಫಯೆಟ್ ಪಟ್ಟಣ ಬಿಟ್ಟು ಹಿನ್ನೀರಿನ ದಂಡೆಯಲ್ಲಿರುವ ಅವಳ ಅಪ್ಪನ ಮನೆಗೆ ಹೋಗುವುದು ಎಂದು ಕ್ರಿಸ್‌ಮಸ್ ದಿನ ಅವನೇ ಮಾತು ಕೊಟ್ಟಿದ್ದ.

"ಯಾಕೆ?" ಅಂದಳು.

"ಕೇಸೊಂದು ಬಂದಿದೆ."

"ಎಂಥ ಕೇಸು?"

"ಮನೇಲಿ ಕೇಸಿನ ಮಾತಿಲ್ಲ, ಮಾ ಶೇರ್."

ಮಾ ಶೇರ್ ಅಂದರೆ ನನ್ನ ಬಂಗಾರ ಅಂತ. ಈ ಕಡೆಯ ಫ್ರೆಂಚ್ ಮಂದಿ ಹೆಂಡತಿಗೂ ಹೇಳುತ್ತಾರೆ, ಹಸುವಿಗೂ ಹೇಳುತ್ತಾರೆ. ಕ್ಲೋವಿಸ್ ಹೇಳುವುದು ಬಾಗಿಲು ಮುಚ್ಚುವುದಕ್ಕೆ.

ಮಗಳು ಮಾರ್ಸೆಲ್ ಗಂಡನನ್ನು ಬಿಟ್ಟು ಬಂದು ವರ್ಷವಾಗಿತ್ತು, ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು. ಅವಳು ಅಮ್ಮನ ಕಡೆ ತಿರುಗಿದಳು. ಇಲ್ಲಿ ಅಮ್ಮನಿಗೆ ಮಾಮಾ, ಅಪ್ಪನಿಗೆ ಪಾಪಾ, ಅಜ್ಜಿಗೆ ಮೆಮೇರ್ ಅನ್ನುತ್ತಾರೆ. "ಪೇಪರಲ್ಲಿ ಬಂದಿದೆ ಮಾಮಾ. ಗ್ರೇ ಐಬಿಸ್ ಅಂತ ಕಂಪನಿ. ಅವರ ದೋಣಿ ಮಗುಚಿ ನಾಲ್ಕು ಜನ ಸತ್ರಲ್ಲ, ಅದು. ಸಮುದ್ರದ ಕೇಸಿಗೆ ಜ್ಯೂರಿ ಇಲ್ವಂತೆ. ಪಾಪಾ ಒಬ್ಬರೇ ಕೂತು ತೀರ್ಮಾನ ಮಾಡೋದು."

"ಅದಕ್ಕೇ ಮೈಮೇಲೆ ಬಂದಿದೆ ಇವನಿಗೆ," ಅಂದಳು ಕ್ಲೋವಿಸನ ತಾಯಿ ಮೆಮೇರ್ ಓಝೀತ್. ತೊಂಬತ್ತು ದಾಟಿದ ಮುದುಕಿ. ಕಿವಿ ಅರ್ಧ ಹೋಗಿತ್ತು, ನಾಲಗೆ ಪೂರ್ತಿ ಇತ್ತು. "ಸೊಸೆ, ಇವನನ್ನ ಕುರ್ಚಿಯಿಂದ ಎಬ್ಬಿಸೋಕೆ ದೇವರೇ ಬರ್ಬೇಕು. ಅವನಿಗೂ ಅಪಾಯಿಂಟ್‌ಮೆಂಟ್ ಬೇಕು."

ಮುದುಕಿ ಹೇಳಿದ್ದು ನಿಜ. ಫೆಡರಲ್ ಜಡ್ಜನ, ಅಂದರೆ ಕೇಂದ್ರದ ಕೋರ್ಟಿನ ಜಡ್ಜನ, ಕುರ್ಚಿಗೆ ವಯಸ್ಸಿನ ಮಿತಿಯಿಲ್ಲ. ತಾನಾಗಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಹೊತ್ತುಕೊಂಡೇ ಹೋಗಬೇಕು. ಜೌಗಿನಲ್ಲಿ ಬೋನಿಟ್ಟು ನೀರಿಲಿ ಹಿಡಿದು ತೊಗಲು ಮಾರುತ್ತಿದ್ದವನ ಮಗ ಕ್ಲೋವಿಸ್. ಹಗಲು ಅಕ್ಕಿ ಗಿರಣಿಯಲ್ಲಿ ದುಡಿದು ಸಂಜೆ ಕಾನೂನು ಓದಿದ. ನಲವತ್ತನಾಲ್ಕಕ್ಕೆ ಅಧ್ಯಕ್ಷರು ಹೆಸರು ಕಳಿಸಿದರು, ಸೆನೆಟ್ ಒಪ್ಪಿತು, ಮೆಮೇರ್ ಬೈಬಲ್ ಹಿಡಿದುಕೊಂಡಳು, ಇವನು ಕೈ ಎತ್ತಿ ಪ್ರಮಾಣ ಮಾಡಿದ. ಆವತ್ತಿನಿಂದ ಇವನು ಹಾಕಿಕೊಂಡ ಕರಿ ನಿಲುವಂಗಿಯನ್ನು ಮನೆಮಂದಿಯೆಲ್ಲ ಹೊರಬೇಕಾಯಿತು.

ಮೊದಲು ಹೋದದ್ದು ಅಝೆಲಿಯ ರೇಡಿಯೋ ಕೆಲಸ. ಪ್ರತಿದಿನ ಬೆಳಿಗ್ಗೆ ಊರ ಫ್ರೆಂಚಿನಲ್ಲಿ ಸಾವು, ಮದುವೆ, ಕಳೆದುಹೋದ ನಾಯಿಗಳ ಸುದ್ದಿ ಓದಿ, ಮಧ್ಯೆ ಮಧ್ಯೆ ಕಟುಕರ ಅಂಗಡಿಯ ಹಂದಿ ಸಾಸೇಜಿನ ಜಾಹೀರಾತು ಹಾಡುತ್ತಿದ್ದಳು. ಮೂರು ತಾಲೂಕಿನ ಹೆಂಗಸರು ಅವಳ ದನಿ ಕೇಳಿ ಒಲೆ ಹಚ್ಚುತ್ತಿದ್ದರು. "ಫೆಡರಲ್ ಜಡ್ಜನ ಹೆಂಡತಿ ಸಾಸೇಜ್ ಮಾರೋದಾ?" ಅಂದ ಕ್ಲೋವಿಸ್. ಬಿಟ್ಟಳು. ಆಮೇಲೆ ಚರ್ಚಿನ ಲಾಟರಿ ಚೀಟಿ ಮಾರುವಂತಿಲ್ಲ, ಚುನಾವಣೆಯ ಫಲಕ ಅಂಗಳದಲ್ಲಿ ನೆಡುವಂತಿಲ್ಲ. ಒಮ್ಮೆ ಪಕ್ಕದ ಮನೆಯವನು ಪ್ರೀತಿಯಿಂದ ಒಂದು ಚೀಲ ಕ್ರಾಫಿಶ್ ಅನ್ನುವ ಕೆಸರುಸೀಗಡಿಗಳನ್ನು ಜಗಲಿಯಲ್ಲಿಟ್ಟು ಹೋದ. ಅವನ ಅಣ್ಣನ ಮಗ ವಕೀಲ. ಜೀವಂತ ಹರಿದಾಡುತ್ತಿದ್ದ ಆ ಚೀಲವನ್ನು ಅಝೆಲಿಯೇ ಹೊತ್ತು ವಾಪಸು ಕೊಟ್ಟು ಬರಬೇಕಾಯಿತು. ಆ ಮನೆಯ ಹೆಂಗಸು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದು ಕ್ರಾಫಿಶ್‌ಗೂ ಸಲ್ಲುತ್ತದೆ.

ಇದನ್ನೆಲ್ಲ ಅಝೆಲಿ ನುಂಗಿಕೊಂಡಳು. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಒಂದೇ, ಒಡಿಲೋನ್.

ಒಡಿಲೋನ್ ಅವಳ ತಮ್ಮ. ಇಬ್ಬರಿಗೂ ವರ್ಷದ ಅಂತರ, ಒಂದೇ ಅಚ್ಚಿನ ಬೆಲ್ಲ. ಅದೇ ಉದ್ದ ಗಲ್ಲ, ಅದೇ ಕೂಡಿದ ಹುಬ್ಬು. ಮೀಸೆ ಬೋಳಿಸಿದರೆ ಅವಳ ಬದಲು ಅವನೇ ರೇಡಿಯೋಗೆ ಹೋಗಬಹುದು ಅಂತ ಊರವರು ನಗುತ್ತಿದ್ದರು. ಹಿನ್ನೀರಿನ ದೋಣಿಕಟ್ಟೆಯೊಂದರಲ್ಲಿ ರಾತ್ರಿ ಕಾವಲಿಗಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿಂದ ದೋಣಿಗಳ ಹಿತ್ತಾಳೆ ಪ್ರೊಪೆಲ್ಲರುಗಳು ಕಳುವಾದವು, ಇವನನ್ನು ಹಿಡಿದರು. ರಾಜ್ಯದ ಕೋರ್ಟಿನಲ್ಲಿ ವಿಚಾರಣೆ. ಮುಂದಿನ ಬೆಂಚಿನಲ್ಲಿ ಕೂರುತ್ತೇನೆ ಅಂತ ಅಝೆಲಿ ಟೋಪಿ ಹಾಕಿಕೊಂಡು ಹೊರಟಾಗ ಕ್ಲೋವಿಸ್ ಬಾಗಿಲಿಗೆ ಅಡ್ಡ ನಿಂತಿದ್ದ.

"ನೀನು ಅಲ್ಲಿ ಕೂತ್ರೆ ನನ್ನ ನಿಲುವಂಗಿ ಕೂತ ಹಾಗೆ. ಅಲ್ಲಿನ ಜಡ್ಜ್ ಏನು ತಿಳ್ಕೊತಾನೆ?"

"ನನ್ನ ತಮ್ಮ ಕಣೋ."

"ಅದಕ್ಕೇ ಹೋಗ್ಬಾರದು."

ಅವಳು ಟೋಪಿ ತೆಗೆದಿಟ್ಟು ಹೋಗಿ ಅನ್ನಕ್ಕಿಟ್ಟಳು. ಕೋರ್ಟಿನ ಬಾಗಿಲು ತೆರೆದಾಗಲೆಲ್ಲ ಒಡಿಲೋನ್ ತಿರುಗಿ ನೋಡುತ್ತಿದ್ದನಂತೆ. ಅವನ ವಕೀಲ ಆಮೇಲೆ ಅವಳಿಗೆ ಹೇಳಿದ. ಐದು ವರ್ಷ ಶಿಕ್ಷೆಯಾಯಿತು. ಎರಡನೆಯ ಬೇಸಿಗೆಯಲ್ಲೇ ಜೈಲಿನ ಹೊಲದಲ್ಲಿ ಬಿಸಿಲು ಬಡಿದು ಸತ್ತ. ಆ ಬಾಗಿಲು ಇವತ್ತಿಗೂ ಅವಳ ತಲೆಯಲ್ಲಿ ತೆರೆಯುತ್ತ ಮುಚ್ಚುತ್ತ ಇತ್ತು. ಗಂಡನನ್ನು ಕ್ಷಮಿಸಿದ್ದೇನೆ ಅಂತ ಪಾದ್ರಿಯ ಹತ್ತಿರ ಪ್ರತಿ ವರ್ಷ ಹೇಳುತ್ತಿದ್ದಳು. ಪ್ರತಿ ವರ್ಷ ಅದು ಸುಳ್ಳು.

ಆ ಬೂದಿ ಬುಧವಾರ ಪಾತ್ರೆ ತೊಳೆಯುವಾಗ ಮಾರ್ಸೆಲ್ ನಗುತ್ತ ಹಳೆಯದೊಂದು ನೆನಪು ತೆಗೆದಳು. "ಪಾಪಾ ಈ ಕೇಸು ಬಿಡಲ್ಲ ಬಿಡು. ಹಿಂದೆ ಒಂದು ಬಿಟ್ಟಿದ್ರಲ್ಲ, ನನ್ನಿಂದ. ನೆನಪಿದ್ಯಾ? ಹುಟ್ಟುಹಬ್ಬಕ್ಕೆ ನನ್ನ ಧರ್ಮಮಾತೆ ಸೋಡಾ ಕಂಪನಿಯ ಒಂದೇ ಒಂದು ಷೇರು ಕೊಟ್ಟಿದ್ಲು. ಆ ಕಂಪನಿ ಕೇಸು ಪಾಪಾ ಹತ್ರ ಬಂತು. ಎಷ್ಟು ಬೈದ್ರು ನನಗೆ!"

ಅಝೆಲಿಗೆ ನೆನಪಿತ್ತು. ಜಡ್ಜನಿಗಾಗಲಿ, ಅವನ ಹೆಂಡತಿಗಾಗಲಿ, ಮನೆಯಲ್ಲಿರುವ ಚಿಕ್ಕ ಮಕ್ಕಳಿಗಾಗಲಿ ಕಂಪನಿಯಲ್ಲಿ ಪಾಲಿದ್ದರೆ ಜಡ್ಜ್ ಆ ಕೇಸಿನಿಂದ ಏಳಬೇಕು. ಊಟದ ಮೇಜಿನ ಮೇಲೆ ಬೆರಳು ಕುಟ್ಟುತ್ತ ಹನ್ನೊಂದು ವರ್ಷದ ಹುಡುಗಿಗೆ ಕ್ಲೋವಿಸ್ ಕಾನೂನು ಹೇಳಿದ್ದ: "ಎಷ್ಟೇ ಚಿಕ್ಕದಾಗಿರಲಿ. ಕಾನೂನಿನ ಮಾತು ಅದು. ಎಷ್ಟೇ ಚಿಕ್ಕದಾಗಿರಲಿ."

ಅವಳು ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದಳು.

ಶುಕ್ರವಾರ ಮೀನಿಗೆ ಅಂತ ಹೊರಟವಳು ಚಪ್ಪಲಿ ರಿಪೇರಿ ಅಂಗಡಿಯ ಪಕ್ಕದ ಷೇರು ದಲ್ಲಾಳಿಯ ಆಫೀಸಿಗೆ ಹೋದಳು. ಟೈ ಕಟ್ಟಿಕೊಂಡ ದಲ್ಲಾಳಿ ಎರಡು ಸಲ ಕೇಳಿದ.

"ಒಂದೇ ಷೇರಾ ಮೇಡಂ? ಗ್ರೇ ಐಬಿಸ್ ಈಗ ಬಿದ್ದಿದೆ, ಇನ್ನಷ್ಟು ತಗೊಳ್ಳಿ."

"ಒಂದು ಸಾಕು."

"ಯಾರಿಗಾದ್ರೂ ಉಡುಗೊರೆನಾ?"

"ನನ್ನ ಗಂಡನಿಗೆ. ಪಾಸ್ಕ ಹಬ್ಬಕ್ಕೆ."

ಆಮೇಲೆ ಕ್ಯಾಟ್‌ಫಿಶ್ ಕೊಂಡು, ಮನೆಗೆ ಬಂದು, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದು ಬಡಿಸಿದಳು. ಕ್ಲೋವಿಸ್ ಎರಡು ಸಲ ಹಾಕಿಸಿಕೊಂಡ. ಆ ದಿನದಿಂದ ಪಾಸ್ಕದವರೆಗೆ, ಅಂದರೆ ಈಸ್ಟರಿನವರೆಗಿನ ತಪಸ್ಸುಕಾಲ ಪೂರ್ತಿ, ಆ ಮನೆಯಲ್ಲಿ ನಡೆದ ಅಡುಗೆಯನ್ನು ನೋಡಬೇಕಿತ್ತು. ಏಡಿಯ ಸೂಪು, ಸಿಂಪಿ ಹಾಕಿದ ಗಂಬೊ ಸಾರು, ಬದನೆಯೊಳಗೆ ಸೀಗಡಿ ತುಂಬಿದ್ದು. ಹಿಟ್ಟು ಹುರಿಯುತ್ತ ಹಳೆಯ ಸಾಸೇಜಿನ ಹಾಡು ಗುನುಗುತ್ತಿದ್ದಳು. ಸೇಡಿಗೂ ಒಂದು ಹಸಿವು ಇರುತ್ತದೆ. ಅವಳ ಕೈರುಚಿ ಹೆಚ್ಚಾಯಿತು.

ಕ್ಲೋವಿಸನೂ ಎಂದಿನಂತಿರಲಿಲ್ಲ. ಬೆಳಿಗ್ಗೆ ಕಾಫಿ ತಾನೇ ಮಾಡುತ್ತಿದ್ದ, ಶೂ ತಾನೇ ಉಜ್ಜುತ್ತಿದ್ದ. ಎಪ್ಪತ್ತೊಂದರ ಮುದುಕ ಮದುವೆ ಗಂಡಿನ ಹಾಗೆ ಕೋರ್ಟಿಗೆ ಓಡುತ್ತಿದ್ದ. ಒಮ್ಮೊಮ್ಮೆ ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತ ಕೂರುತ್ತಿದ್ದ. ಅದೆಲ್ಲ ಹೆಸರು ಮಾಡುವ ಆಸೆ ಅಂದುಕೊಂಡಳು ಅಝೆಲಿ. ಕೊನೆಯ ದೊಡ್ಡ ಕೇಸು, ಪೇಪರಿನಲ್ಲಿ ಫೋಟೋ, ಆಮೇಲೆ ಕೋರ್ಟಿನ ಗೋಡೆಗೆ ತೈಲಚಿತ್ರ.

"ಸೊಸೆ, ಹಂದಿ ಕಡಿಯೋ ಮೊದಲು ನಾವು ಹೀಗೇ ತಿನ್ನಿಸ್ತಿದ್ವಿ," ಅಂದಳು ಮೆಮೇರ್ ಒಂದು ದಿನ.

"ತಿನ್ನೋನಿಗೆ ಬೇಜಾರಿಲ್ಲ, ನಿಮಗ್ಯಾಕೆ ಮೆಮೇರ್?"

"ಹಂದಿಗೂ ಬೇಜಾರಿರಲಿಲ್ಲ."

ಮಾರ್ಸೆಲ್‌ಗೆ ಗೊತ್ತಾದದ್ದು ದಲ್ಲಾಳಿಯ ಫೋನಿನಿಂದ. ಇನ್ನೂ ಹತ್ತು ಷೇರು ಕೊಳ್ಳುತ್ತೀರಾ ಅಂತ ಅವನು ಕೇಳಿದ್ದು ಇವಳ ಕಿವಿಗೆ. ಅಮ್ಮನನ್ನು ಹಿತ್ತಿಲಿನ ಒಗೆಯುವ ಯಂತ್ರದ ಹತ್ತಿರ ಹಿಡಿದಳು.

"ಏನ್ ಮಾಡಿದೀಯ ನೀನು? ಪಾಪಾ ಆ ಕೇಸಿಂದ ಏಳ್ಬೇಕಾಗುತ್ತೆ."

"ಏಳ್ಲಿ. ನಾನು ಎದ್ದಿರ್ಲಿಲ್ವಾ ರೇಡಿಯೋ ಮುಂದಿಂದ?"

"ಅದಕ್ಕೂ ಇದಕ್ಕೂ ಹೋಲಿಸ್ತೀಯಾ? ನಾಲ್ಕು ಜನ ಸತ್ತಿದಾರೆ. ಪಾಪಾ ಎದ್ರೆ ಕೇಸು ಇನ್ನೊಬ್ಬ ಜಡ್ಜ್ ಹೋಲ್ಕಂ ಹತ್ರ ಹೋಗುತ್ತೆ. ಅವನು ಕಂಪನಿಯೋರ ಜೊತೆ ಬಾತುಕೋಳಿ ಬೇಟೆಗೆ ಹೋಗೋನು. ಸಾಕ್ಷಿ ಹೇಳುವಾಗ ಆಕಳಿಸ್ತಾನಂತೆ."

"ನಿನ್ನ ಮಾವ ಬಾಗಿಲು ನೋಡ್ತಾ ಕೂತಿದ್ದ, ಮಾರ್ಸೆಲ್."

"ಹತ್ತೊಂಬತ್ತು ವರ್ಷ ಆಯ್ತು ಮಾಮಾ."

"ನಿನಗೆ ಹತ್ತೊಂಬತ್ತು. ನನಗೆ ಇನ್ನೂ ಆ ಬೆಳಿಗ್ಗೆನೇ."

ಅಡುಗೆಮನೆಯಿಂದ ಮೆಮೇರ್ ಕೂಗಿದಳು. "ಏನದು ಗಲಾಟೆ?"

"ಷೇರು, ಮೆಮೇರ್. ಷೇರಿನ ವಿಷ್ಯ," ಅಂದಳು ಮಾರ್ಸೆಲ್.

"ಶೇರ್ ಅಂತಾನಾ? ನನ್ನ ಗಂಡನೂ ಹಾಗೇ ಕರೀತಿದ್ದ. ಸಾಲ ಕೇಳೋವಾಗ ಮಾತ್ರ."

ತಾಯಿ ಮಗಳಿಬ್ಬರಿಗೂ ನಗು ಬಂತು, ಆದರೆ ಜಗಳ ಮುಗಿಯಲಿಲ್ಲ. "ಮಾರಿಬಿಡು. ಪಾಪಾಗೆ ಗೊತ್ತಾಗೋ ಮೊದಲು. ನಾನೂ ಮರೀತೀನಿ," ಅಂತ ಹೇಳಿ ಮಾರ್ಸೆಲ್ ಬಟ್ಟೆ ಬುಟ್ಟಿ ಎತ್ತಿಕೊಂಡು ಹೋದಳು.

ಪಾಸ್ಕಕ್ಕೆ ಮೊದಲಿನ ಪವಿತ್ರ ವಾರದಲ್ಲಿ ಅಝೆಲಿ ನಿಜವಾಗಿಯೂ ಮಾರುವುದಕ್ಕೆ ಹತ್ತಿರ ಬಂದಳು. ಅಂಗಡಿಯಲ್ಲಿ ಈರುಳ್ಳಿ ಆರಿಸುವಾಗ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಮಗು.

"ನೀವು ಜಡ್ಜ್ ಗಿಡ್ರಿ ಅವರ ಮನೆಯವರು. ನನ್ನ ಗಂಡ ಆ ದೋಣೀಲಿದ್ದ."

"ನಾನು ಅದನ್ನ ಕೇಳಿಸ್ಕೊಳ್ಳೋ ಹಾಗಿಲ್ಲಮ್ಮ."

"ಏನೂ ಕೇಳಲ್ಲ ನಾನು. ಚೀಟಿ ಎತ್ತಿ ಕೇಸು ಅವರಿಗೆ ಬಿತ್ತು ಅಂದಾಗ ನಮ್ಮತ್ತೆ ಮೇಣದಬತ್ತಿ ಹಚ್ಚಿದ್ರು. ಇಷ್ಟೇ." ಹೆಂಗಸು ತನ್ನ ಬುಟ್ಟಿಯಲ್ಲಿದ್ದ ಒಳ್ಳೆಯ ಈರುಳ್ಳಿ ಎರಡನ್ನು ಅಝೆಲಿಯ ಬುಟ್ಟಿಗೆ ಹಾಕಿ ಹೋದಳು. ಅಝೆಲಿಯ ಕೈ ತಾನಾಗಿ ಅವನ್ನು ತೆಗೆದು ರಾಶಿಗೆ ವಾಪಸು ಹಾಕಿತು. ಇಪ್ಪತ್ತೇಳು ವರ್ಷದ ರೂಢಿ. ಮನೆಗೆ ಬರುವ ದಾರಿಯಲ್ಲಿ ಆ ಮಗುವಿನ ಮುಖ ಬಿಡಲಿಲ್ಲ. ಹಬ್ಬ ಕಳೆದ ಸೋಮವಾರವೇ ಮಾರಿಬಿಡೋಣ ಅಂದುಕೊಂಡಳು.

ಶುಭ ಶುಕ್ರವಾರದ ಬೆಳಿಗ್ಗೆ ಒಡಿಲೋನನ ಗೋರಿಗೆ ಸುಣ್ಣ ಬಳಿಯಲು ಬಕೆಟ್ಟು ತೆಗೆದಳು. ಪ್ರತಿ ವರ್ಷದ ಕೆಲಸ ಅದು. ಕ್ಲೋವಿಸ್ ಪೇಪರಿನಿಂದ ತಲೆ ಎತ್ತಿದ.

"ಈ ವರ್ಷ ಬೇಡ."

"ಏನು ಬೇಡ?"

"ಸ್ಮಶಾನಕ್ಕೆ. ಆ ನಾಲ್ಕು ಜನರಲ್ಲಿ ಇಬ್ಬರನ್ನ ಅಲ್ಲೇ, ಒಡಿಲೋನ್ ಪಕ್ಕದ ಸಾಲಲ್ಲಿ ಇಟ್ಟಿದಾರೆ. ಮನೆಯೋರೆಲ್ಲ ಬಂದಿರ್ತಾರೆ. ಜಡ್ಜನ ಹೆಂಡತಿ ಅವರ ಜೊತೆ ನಿಂತಿದ್ಲು ಅಂತ ಆಗ್ಬಾರದು."

"ನನ್ನ ತಮ್ಮನ ಗೋರಿ ಕ್ಲೋವಿಸ್."

"ಗೊತ್ತು. ಈ ಒಂದು ವರ್ಷ ತಡ್ಕೊ. ನನ್ನ ಮಾತು ಕೇಳು, ಮಾ ಶೇರ್. ಈ ಒಂದು ಸಲ."

ಅಝೆಲಿ ಬಕೆಟ್ಟನ್ನು ಮೂಲೆಗಿಟ್ಟಳು. ಬದುಕಿದ್ದಾಗ ನೋಡಬೇಡ, ಸತ್ತಾಗಲೂ ನೋಡಬೇಡ. "ಆಯ್ತು," ಅಂದಳು. ಮಾರುವ ಮಾತು ಅಲ್ಲಿಗೆ ಮುಗಿಯಿತು. ಅವಳು ಕಾರು ತೆಗೆದುಕೊಂಡು ಹೋಗಿ ಕೋಳಿ ಸಾಕುವವನ ಹತ್ತಿರ ಒಂದು ಗಿನಿಕೋಳಿ ಮೊಟ್ಟೆ ತಂದಳು.

ಪಾಸ್ಕದ ದಿನ ಈ ಕಡೆ ಮೊಟ್ಟೆ ಕುಟ್ಟುವ ಆಟವಿದೆ. ಬಣ್ಣ ಹಾಕಿ ಬೇಯಿಸಿದ ಮೊಟ್ಟೆಗಳನ್ನು ಮೂತಿಗೆ ಮೂತಿ ಕುಟ್ಟುವುದು, ಒಡೆದವನು ಸೋತ. ಗಿನಿಕೋಳಿಯ ಮೊಟ್ಟೆ ಕಲ್ಲಿನ ಹಾಗಿರುತ್ತದೆ, ಅದನ್ನು ತರುವುದು ಮೋಸ. ಒಡಿಲೋನ್ ಪ್ರತಿ ವರ್ಷ ಅದನ್ನೇ ತಂದು, ಈರುಳ್ಳಿ ಸಿಪ್ಪೆಯಲ್ಲಿ ಕೆಂಪಗೆ ಬೇಯಿಸಿ, ಭಾವನ ಮೊಟ್ಟೆ ಪುಡಿಮಾಡಿ ಕುಣಿಯುತ್ತಿದ್ದ. "ಆಕ್ಷೇಪಣೆ! ಕೋಳಿ ಅಂದ್ರೆ ಕೋಳಿ!" ಅಂತ ಕ್ಲೋವಿಸ್ ಬೊಬ್ಬೆ ಹಾಕುತ್ತಿದ್ದ. ಆ ಮನೆಯಲ್ಲಿ ಕ್ಲೋವಿಸ್ ಜೋರಾಗಿ ನಗುತ್ತಿದ್ದದ್ದು ಆ ಒಂದು ದಿನ.

ಪೂಜೆ ಮುಗಿಸಿ ಬಂದು ನಾಲ್ವರೂ ಮೇಜಿಗೆ ಕೂತರು. ಹುರಿದ ಹಂದಿಮಾಂಸ, ಕೊಳೆ ಅನ್ನ ಅಂತ ಇಲ್ಲಿನವರು ಕರೆಯುವ ಕಂದು ಅನ್ನ, ಆಲೂಗಡ್ಡೆ. ಅಝೆಲಿ ತನ್ನ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಗಂಡನ ಕಡೆ ಚಾಚಿದಳು. ಟಕ್. ಕ್ಲೋವಿಸನ ನೀಲಿ ಮೊಟ್ಟೆ ಅರ್ಧಕ್ಕೆ ಕುಸಿಯಿತು. ಅವನು ಅವಳ ಮುಷ್ಟಿ ಬಿಡಿಸಿ ನೋಡಿದ. ಕೆಂಪು, ಚಿಕ್ಕದು, ಚೂಪು.

"ಮಾ ಶೇರ್," ಅಂದ, ನಗು ತುಟಿಗೆ ಬರುತ್ತಿತ್ತು. "ಇದು ಗಿನಿ."

"ಹೌದು. ಅದರ ಜೊತೆ ಒಂದು ಷೇರೂ ಇದೆ. ಗ್ರೇ ಐಬಿಸ್‌ದು. ನನ್ನ ಹೆಸರಲ್ಲಿ."

ಮಾರ್ಸೆಲ್ ಫೋರ್ಕು ಕೆಳಗಿಟ್ಟಳು.

"ಯಾವಾಗಿಂದ?" ಅಂದ ಕ್ಲೋವಿಸ್. ದನಿ ಕೋರ್ಟಿನದು.

"ತಪಸ್ಸುಕಾಲದ ಮೊದಲ ಶುಕ್ರವಾರದಿಂದ. ಒಂದೇ ಒಂದು. ಆದ್ರೆ ಎಷ್ಟೇ ಚಿಕ್ಕದಾಗಿರಲಿ, ಅಲ್ವಾ? ನೀನೇ ಹೇಳಿಕೊಟ್ಟಿದ್ದು. ಎದ್ದೇಳು ಆ ಕುರ್ಚಿಯಿಂದ. ನನ್ನ ತಮ್ಮ ಬಾಗಿಲು ನೋಡಿ ನೋಡಿ ಕತ್ತು ನೋಯಿಸ್ಕೊಂಡ. ಈಗ ನೀನೂ ಹೊರಗೆ ನಿಂತು ನೋಡು, ನಿನಗೆ ಬೇಕಾದ್ದು ಒಳಗೆ ಹೇಗೆ ನಡೆಯುತ್ತೆ ಅಂತ."

ಇಷ್ಟು ಹೇಳುವುದಕ್ಕೆ ಅವಳು ತಪಸ್ಸುಕಾಲ ಪೂರ್ತಿ ಕಾದಿದ್ದಳು. ಹೇಳಿದಾಗ ಎದೆ ಹಗುರಾಯಿತು. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಒಡೆದ ಮೊಟ್ಟೆಯ ಚೂರುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸೇರಿಸುತ್ತ ಕೂತ.

"ಗ್ರೇ ಐಬಿಸ್ ಯಾರದ್ದು ಗೊತ್ತಾ ನಿನಗೆ?" ಅಂತ ಕೊನೆಗೆ ಕೇಳಿದ.

"ಯಾರದ್ದಾದ್ರೆ ನನಗೇನು?"

"ರಾಯ್ಸ್ ಹ್ಯಾನ್ಲಿ ಅಂತ."

"ಯಾರವನು?"

ಕ್ಲೋವಿಸ್ ಅವಳ ಮುಖವನ್ನೇ ನೋಡಿದ. "ನಿನಗೆ ಗೊತ್ತಿಲ್ಲ. ಹೇಗೆ ಗೊತ್ತಿರುತ್ತೆ? ನೀನು ಆವತ್ತು ಕೋರ್ಟಲ್ಲಿ ಇರ್ಲಿಲ್ಲ. ನಾನೇ ಬಿಡ್ಲಿಲ್ಲ." ನೀರು ಕುಡಿದ. "ಆಗ ಅವನು ದೋಣಿಕಟ್ಟೆ ಮ್ಯಾನೇಜರು. ಬೈಬಲ್ ಮುಟ್ಟಿ ಹೇಳ್ದ, ಒಡಿಲೋನ್ ತನ್ನ ಟ್ರಕ್ಕಿಗೆ ಹಿತ್ತಾಳೆ ತುಂಬಿ ಓಡಿಸ್ಕೊಂಡು ಹೋಗಿದ್ದನ್ನ ಕಣ್ಣಾರೆ ಕಂಡೆ ಅಂತ. ಆ ಹಿತ್ತಾಳೆ ಮಾರಿದ ದುಡ್ಡಲ್ಲೇ ಅವನು ಮೊದಲನೇ ದೋಣಿ ತಗೊಂಡಿದ್ದು ಅಂತ ನಂಗೆ ಅನುಮಾನ."

"ಟ್ರಕ್ಕು?" ಅಂದಳು ಅಝೆಲಿ. "ಆ ತಿಂಗಳು ಟ್ರಕ್ಕಿನ ಇಂಜಿನ್ ಹೊರಗಿತ್ತಲ್ಲ. ಅಪ್ಪನ ಮನೆ ಪೀಕನ್ ಮರಕ್ಕೆ ನೇತು ಹಾಕಿದ್ರಿ."

"ಹಾಕಿದ್ವಿ. ಅವನು ಸರಪಳಿ ಬಿಗಿದ, ನಾನು ಎಳೆದೆ. ಇಬ್ಬರೇ ಇದ್ವಿ."

ಕ್ಲೋವಿಸ್ ಎರಡೂ ಕೈಯನ್ನು ಮೇಜಿನ ಮೇಲೆ ಊರಿದ.

"ಅವನು ಸತ್ತ ಮೇಲೆ ವಿಚಾರಣೆಯ ದಾಖಲೆ ತರಿಸಿ ಓದಿದೆ. ಇಂಜಿನ್ ಇಳಿಸುವಾಗ ನಿನ್ನ ಜೊತೆ ಯಾರಿದ್ರು ಅಂತ ವಕೀಲ ಕೇಳಿದಾನೆ. ಯಾರೂ ಇರ್ಲಿಲ್ಲ, ನಾನೊಬ್ಬನೇ ಇಳಿಸಿದೆ ಅಂದಿದಾನೆ. ಅಷ್ಟು ಭಾರದ ಇಂಜಿನ್ನ ಒಬ್ಬನೇ. ಜ್ಯೂರಿ ನಕ್ಕಿರ್ಬೇಕು. ನನ್ನ ಹೆಸರು ಕೋರ್ಟಲ್ಲಿ ಬರ್ಬಾರದು ಅಂತ ಅವನೂ ತಿಳ್ಕೊಂಡಿದ್ದ. ನಾನು ಈ ಮನೇಲಿ ಎಲ್ಲರಿಗೂ ಅಷ್ಟು ಚೆನ್ನಾಗಿ ಕಲಿಸಿದ್ದೆ."

ಅಝೆಲಿಯ ಕೈಯಲ್ಲಿದ್ದ ಗಿನಿ ಮೊಟ್ಟೆ ಮೇಜಿನ ಮೇಲೆ ಉರುಳಿ ಮೆಮೇರಳ ತಟ್ಟೆಗೆ ತಗಲಿ ನಿಂತಿತು.

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ ನೀನು? ಇಷ್ಟು ವರ್ಷ?"

"ಏನಂತ ಬಿಡ್ಲಿ? ನಿನ್ನ ತಮ್ಮನ್ನ ಉಳಿಸೋ ಒಂದು ಮಾತು ನನ್ನ ಹತ್ರ ಇತ್ತು, ನಾನು ಮನೇಲಿ ಕೂತು ಅನ್ನ ತಿಂದೆ ಅಂತಾನಾ?" ಅವನು ಮೊಟ್ಟೆಯ ಕೊನೆಯ ಚೂರನ್ನೂ ಅಂಚಿಗೆ ತಳ್ಳಿದ. "ಕಾದೆ. ಹ್ಯಾನ್ಲಿ ಕಂಪನಿ ಹೆಸರು ಬದಲಾಯಿಸ್ದ, ಬೆಳೆಸ್ದ. ಒಂದಲ್ಲ ಒಂದು ದಿನ ನನ್ನ ಮುಂದೆ ಬಂದು ಕೈ ಎತ್ತೇ ಎತ್ತುತ್ತಾನೆ ಅಂತ ಕಾದೆ. ಬಂದ. ಜ್ಯೂರಿ ಇಲ್ಲ. ನಿಜ ಹೇಳ್ತಾನೋ ಸುಳ್ಳು ಹೇಳ್ತಾನೋ, ನಾನೊಬ್ಬನೇ ಹೇಳ್ಬೇಕು. ಸಮಾಧಿ ಹತ್ರ ಹೋಗ್ಬೇಡ ಅಂದಿದ್ದು ಅದಕ್ಕೇ. ಯಾರಾದ್ರೂ ಆ ಕಲ್ಲಿನ ಮೇಲಿನ ಹೆಸರು ಓದಿ, ನಿನ್ನ ಮುಖ ನೋಡಿ, ಎರಡನ್ನೂ ಸೇರಿಸಿದ್ರೆ ಮುಗೀತು."

ಮೆಮೇರಿಗೆ ಇದಿಷ್ಟೂ ಹೇಗೋ ಕೇಳಿಸಿತ್ತು. "ಅದು ಆ ವಕೀಲರಿಗೆ ಹೇಳ್ದೆ ಕೂರೋನಿದ್ದೆಯಾ ನೀನು?"

"ಕೂರೋನಿದ್ದೆ ಮಾಮಾ."

"ಒಂದು ಚೀಲ ಕ್ರಾಫಿಶ್ ವಾಪಸ್ ಕಳಿಸ್ದೋನು."

"ಹೌದು. ನಾನೇ."

ಮಾರ್ಸೆಲ್ ಅಳುತ್ತಿದ್ದಳು. "ಷೇರು ಮಾರಿದ್ರೆ ಆಗಲ್ವಾ ಪಾಪಾ? ನಾಳೆನೇ?"

"ಕಾನೂನಿನಲ್ಲಿ ಒಂದು ಸಂದಿ ಇದೆ. ಮಾರಿ ಕೂರಬಹುದು. ಆದ್ರೆ ಎರಡೂ ಕಡೆಯೋರ ಮುಂದೆ ಹೇಳ್ಬೇಕು. ಕೇಸು ಬಂದ ಬೆನ್ನಿಗೇ ಜಡ್ಜನ ಹೆಂಡತಿ ಆ ಕಂಪನಿಯ ಒಂದೇ ಒಂದು ಷೇರು ಯಾಕೆ ತಗೊಂಡ್ಲು ಅಂತ ಹ್ಯಾನ್ಲಿಯ ವಕೀಲರು ಕೇಳೇ ಕೇಳ್ತಾರೆ. ಒಂದು ವಾರದಲ್ಲಿ ಒಡಿಲೋನ್ ಸಿಗ್ತಾನೆ ಅವರಿಗೆ. ಸುಮ್ನೆ ಎದ್ದು ಹೋಗೋದೊಂದೇ ದಾರಿ." ಅವನು ಹೆಂಡತಿಯ ಕಡೆ ತಿರುಗಿದ. "ಗೆದ್ದೆ ನೀನು. ಗಿನಿ ಮೊಟ್ಟೆನೇ ಸರಿ."

ಆ ದಿನ ಹುರಿದ ಹಂದಿಮಾಂಸವನ್ನು ಯಾರೂ ತಿನ್ನಲಿಲ್ಲ. ಅಝೆಲಿ ಅದನ್ನು ಬೇಲಿ ದಾಟಿಸಿ, ಕ್ರಾಫಿಶ್ ವಾಪಸು ಕೊಟ್ಟ ಮನೆಗೇ ಕೊಟ್ಟು ಬಂದಳು. ಆ ಹೆಂಗಸು ಪಾತ್ರೆ ಇಸಿದುಕೊಂಡು, ಬಾಯಿ ತೆರೆದುಕೊಂಡು ನಿಂತಿದ್ದಳು.

ಸೋಮವಾರ ಕ್ಲೋವಿಸ್ ಒಂದು ಸಾಲಿನ ಆದೇಶ ಬರೆದು ಕೇಸಿನಿಂದ ಎದ್ದ. ಕಾರಣ ಬರೆಯಲಿಲ್ಲ. ಕೇಸು ಹೋಲ್ಕಂಗೆ ಹೋಯಿತು. ಮೂರು ವಾರ ಅಝೆಲಿ ಬರೀ ಬೀನ್ಸ್ ಬೇಯಿಸಿದಳು. ಕ್ಲೋವಿಸ್ ತಿಂದು, ತನ್ನ ತಟ್ಟೆ ತಾನೇ ತೊಳೆದಿಟ್ಟು ಮೇಲೆ ಹೋಗುತ್ತಿದ್ದ. ಅವಳಿಗೆ ಅವನ ಮೇಲಿನ ಸಿಟ್ಟು ಹೋಗಿರಲಿಲ್ಲ, ಎರಡರಷ್ಟಾಗಿತ್ತು. ತನ್ನ ಮೇಲೆ ಅದಕ್ಕಿಂತ ಹೆಚ್ಚು. ಅದೆಲ್ಲಕ್ಕಿಂತ ಹೆಚ್ಚು, ಇನ್ನೂ ಕಣ್ಣಿಂದ ನೋಡಿರದ ಆ ಹ್ಯಾನ್ಲಿಯ ಮೇಲೆ. ಒಂದು ಬೆಳಿಗ್ಗೆ ಬಕೆಟ್ಟು ತೆಗೆದುಕೊಂಡು ಹೋಗಿ ಗೋರಿಗೆ ಸುಣ್ಣ ಬಳಿದಳು. ಈ ಸಲ ಯಾರೂ ಬೇಡ ಅನ್ನಲಿಲ್ಲ. ಪಕ್ಕದ ಸಾಲಿನಲ್ಲಿ ಆ ಈರುಳ್ಳಿಯ ಹೆಂಗಸು ಇದ್ದಳು. ಉಳಿದ ಸುಣ್ಣವನ್ನು ಅಝೆಲಿ ಅವಳ ಗಂಡನ ಗೋರಿಗೂ ಬಳಿದಳು.

ಮೇ ತಿಂಗಳಲ್ಲಿ ವಿಚಾರಣೆ ಶುರುವಾಯಿತು. ಹೋಲ್ಕಂ ಆಕಳಿಸುತ್ತಿದ್ದಾನೆ ಅಂತ ಮಾರ್ಸೆಲ್ ಪೇಪರು ನೋಡಿ ಹೇಳಿದಳು. ಬುಧವಾರ ಹ್ಯಾನ್ಲಿಯ ಸಾಕ್ಷಿ. ಆ ಬೆಳಿಗ್ಗೆ ಅಝೆಲಿ ಕರಿ ಉಡುಪು ತೊಟ್ಟು, ಹತ್ತೊಂಬತ್ತು ವರ್ಷದ ಹಿಂದೆ ತೆಗೆದಿಟ್ಟ ಟೋಪಿಯ ಧೂಳು ಹೊಡೆದು ಕೆಳಗಿಳಿದಳು. ಕ್ಲೋವಿಸ್ ಬಾಗಿಲ ಹತ್ತಿರ ನಿಂತಿದ್ದ.

"ಎಲ್ಲಿಗೆ?"

"ಕೋರ್ಟಿಗೆ."

"ಜಡ್ಜನ ಹೆಂಡತಿ ಅಲ್ಲಿ..." ಅಂತ ಬಾಯಿ ತೆರೆದವನು ನಿಲ್ಲಿಸಿದ.

"ಹೇಳು. ಪೂರ್ತಿ ಹೇಳು," ಅಂದಳು.

ಅವನು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದು ಅವಳ ಕೈಗಿಟ್ಟ.

"ಮೊದಲೇ ಹೋಗ್ಬೇಡ. ಕಾರಿಡಾರಲ್ಲಿ ಕೂತಿರು. ಅವನು ಕೈ ಎತ್ತಿ ಪ್ರಮಾಣ ಮಾಡೋ ಹೊತ್ತಿಗೆ ಬಾಗಿಲು ತೆಗಿ. ಆ ಬಾಗಿಲು ಕಿರ್ ಅನ್ನುತ್ತೆ. ಸಾಕ್ಷಿ ಕಟ್ಟೇಲಿರೋನು ತಿರುಗಿ ನೋಡ್ದೆ ಇರೋಕೆ ಆಗಲ್ಲ, ಇಪ್ಪತ್ತೇಳು ವರ್ಷ ನೋಡಿದೀನಿ. ಆಮೇಲೆ ಎಡಗಡೆ ಮುಂದಿನ ಬೆಂಚು. ಅಲ್ಲಿ ಕೂತೋರ ಮುಖ ಅವನ ಕಣ್ಣಿಗೆ ನೇರ ಬೀಳುತ್ತೆ. ಟೋಪಿ ತೆಗೆದಿಟ್ಟು ಕೂರು."

ಅಝೆಲಿ ಟೋಪಿ ಅಲ್ಲೇ ತೆಗೆದು ಗಂಡನ ಕೈಗೆ ಕೊಟ್ಟಳು. ಒಳಗಿನಿಂದ ಮೆಮೇರ್ ಕೂಗಿದಳು. "ಮೀಸೆ ಒಂದು ಬಾಕಿ, ಸೊಸೆ."

ಕೋರ್ಟಿನಲ್ಲಿ ಅವಳು ಕಾದಳು. ಗುಮಾಸ್ತೆ ಪ್ರಮಾಣದ ಮಾತುಗಳನ್ನು ಓದುವ ದನಿ ಕೇಳಿಸಿದಾಗ ಎದ್ದು ಬಾಗಿಲು ತಳ್ಳಿದಳು. ಬಾಗಿಲು ಕಿರ್ ಅಂದಿತು. ಬಲಗೈ ಎತ್ತಿ ನಿಂತಿದ್ದ ದಪ್ಪ ಬಿಳಿ ಕೂದಲಿನ ಮನುಷ್ಯ ತಿರುಗಿ ನೋಡಿದ. ಅವನಿಗೆ ಕಂಡದ್ದು ಒಡಿಲೋನನ ಉದ್ದ ಗಲ್ಲ, ಕೂಡಿದ ಹುಬ್ಬು. ಅವಳು ನಿಧಾನವಾಗಿ ನಡುವಿನ ದಾರಿಯಲ್ಲಿ ಬಂದು ಎಡಗಡೆಯ ಮುಂದಿನ ಬೆಂಚಿನಲ್ಲಿ, ಆ ಈರುಳ್ಳಿಯ ಹೆಂಗಸಿನ ಪಕ್ಕ ಕೂತಳು.

"ಮಿಸ್ಟರ್ ಹ್ಯಾನ್ಲಿ," ಅಂದ ಹೋಲ್ಕಂ, ಆಕಳಿಕೆ ಅರ್ಧಕ್ಕೆ ನುಂಗಿ. "ನಿಜವನ್ನೇ ಹೇಳ್ತೀರಾ ಅಂತ ಕೇಳಿದ್ದು. ಉತ್ತರ ಕೊಡಿ."

ಹ್ಯಾನ್ಲಿಯ ಎತ್ತಿದ ಕೈ ಹಾಗೇ ಇತ್ತು, ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಗುಮಾಸ್ತೆ ಇನ್ನೊಮ್ಮೆ ಓದಿದಳು. ಹೋಲ್ಕಂ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿ, ಆ ವಾರದಲ್ಲಿ ಮೊದಲ ಸಲ, ಸಾಕ್ಷಿಯ ಮುಖವನ್ನು ಸರಿಯಾಗಿ ನೋಡಿದ. ಹ್ಯಾನ್ಲಿ ನೀರು ಕೇಳಿದ. ಅಝೆಲಿ ಮಡಿಲಲ್ಲಿ ಕೈ ಜೋಡಿಸಿಕೊಂಡು, ಅವನು ಮತ್ತೆ ತನ್ನ ಕಡೆ ನೋಡಲಿ ಅಂತ ಕಾಯುತ್ತ ಕೂತಳು.